ಡ್ರೈವರ್ ಕಡೆಯ ಬೋಲ್ಟು

ನಾನು ಮೂವತ್ತೊಂದು ವರ್ಷ ಸರ್ಕಾರಿ ಗಾಡಿಗಳ ಕೆಳಗೆ ಮಲಗಿದ್ದೇನೆ. ಮನೆಗೆ ಬಂದವರಿಗೆ ನನ್ನ ಹೆಂಡತಿ ನನ್ನ ನೌಕರಿಯನ್ನು ಈಗಲೂ ಇದೇ ಮಾತಿನಲ್ಲಿ ಪರಿಚಯಿಸುತ್ತಾಳೆ. ಮೆಕ್ಯಾನಿಕ್ ಆಗಿ ಸೇರಿ ಮುಂದೆ ಏನೇನಾದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಓದಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಬಂದು ಎಂಜಿನ್ನಿನ ಬಗ್ಗೆ ಕೇಳುತ್ತಾರೆ. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ, ನಿಂತ ಗಾಡಿಯಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಅದಕ್ಕೇ ನಾನು ಅವರಿಗೆ ಎಂಜಿನ್ನು ಬಿಟ್ಟು ಕಿರುಬೆರಳಿನಷ್ಟು ಉದ್ದದ ನಾಲ್ಕು ಬೋಲ್ಟುಗಳ ಕಥೆ ಹೇಳುತ್ತೇನೆ. ಅರ್ಧ ಕೇಳಿ ಎದ್ದು ಹೋದವರೇ ಹೆಚ್ಚು, ಆದ್ದರಿಂದ ಪೂರ್ತಿ ಬರೆದಿಡುತ್ತಿದ್ದೇನೆ.

ಆಗ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಊರ ಹೊರಗೆ ತಗಡಿನ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಹೊರದೇಶದಿಂದ ದಾನವಾಗಿ ಎರಡು ವ್ಯಾನು ಬಂದವು. ಒಂದು ನಮ್ಮ ಪಾಲಿಗೆ, ಇನ್ನೊಂದು ಬೇರೊಂದು ವಿಭಾಗಕ್ಕೆ. ಹಳ್ಳಿಗಳಿಗೆ ಹೋಗಿ ಲಸಿಕೆ ಹಾಕುವ ಡಾಕ್ಟರುಗಳಿಗೆಂದು ಕೊಟ್ಟ ಗಾಡಿಗಳವು. ಮುಂದಿನ ಎರಡು ಸೀಟಿಗೂ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ಇತ್ತು. ಒಂದೊಂದು ಬೆಲ್ಟಿಗೆ ಎರಡು ಬೋಲ್ಟು, ಅವು ಗಾಡಿಯ ನೆಲದ ಕೆಳಗೆ ಬೆಸೆದ ನಟ್ಟುಗಳಲ್ಲಿ ಕೂರುತ್ತಿದ್ದವು. ನಮ್ಮಲ್ಲಿ ಯಾರೂ ಅಂಥದ್ದನ್ನು ಕಂಡವರಲ್ಲ. ಡ್ರೈವರ್ ಯಂಕಪ್ಪ ಬೆಲ್ಟನ್ನು ಎತ್ತಿ ತಿರುಗಿಸಿ ನೋಡಿದ.

"ಆ ದೇಶದಾಗ ಡ್ರೈವರ್ ಓಡಿ ಹೋಗ್ತಾನಂತ ಕಟ್ಟಿ ಹಾಕ್ತಾರೇನಪಾ" ಎಂದ.

ಯಂಕಪ್ಪ ನನ್ನ ಓರಗೆಯವನು, ನಮ್ಮ ಓಣಿಯವನೇ. ಅವನ ಮೂರು ಹೆಣ್ಣುಮಕ್ಕಳು ನಮ್ಮ ಕಟ್ಟೆಯ ಮೇಲೆ ಆಡಿ ಬೆಳೆದವರು. ಅವನಷ್ಟು ನಿಗಾ ಇಟ್ಟು ಗಾಡಿ ಓಡಿಸುವವನನ್ನು ನಾನು ನೋಡಿಲ್ಲ, ಅವನಷ್ಟು ಶಕುನ ನೋಡುವವನನ್ನೂ ನೋಡಿಲ್ಲ. ಬೆಕ್ಕು ಅಡ್ಡ ಬಂದರೆ ಎಂಜಿನ್ನು ಬಂದ್ ಮಾಡಿ ಒಂದು ಬೀಡಿ ಮುಗಿಸಿಯೇ ಮುಂದೆ ಹೋಗುತ್ತಿದ್ದ.

ಮೊದಲ ಮಳೆಗಾಲದಲ್ಲೇ ಬೆಲ್ಟಿಗೆ ಒಂದು ಉಪಯೋಗ ಸಿಕ್ಕಿತು. ಯಲಬುರ್ಗಾ ಕಡೆಯ ಎರೆಮಣ್ಣಿನಲ್ಲಿ ಗಾಡಿ ಹೂತುಕೊಂಡಾಗ ಯಂಕಪ್ಪ ನಾಲ್ಕೂ ಬೋಲ್ಟು ಬಿಚ್ಚಿ, ಎರಡು ಬೆಲ್ಟು ಜೋಡಿಸಿ, ಒಬ್ಬ ರೈತನ ಎತ್ತಿನ ನೊಗಕ್ಕೆ ಕಟ್ಟಿ ಎಳೆಸಿದ. ಗಾಡಿ ಮೇಲೆ ಬಂತು, ಮೂರು ಬೋಲ್ಟು ಕೆಸರಿನಲ್ಲಿ ಉಳಿದವು. ನಾಲ್ಕನೆಯದನ್ನು ಅವನು ಜಾಕಿಗೆ ಗೂಟವಾಗಿ ಹಾಕಿಕೊಂಡು ಅದರ ಅರ್ಧ ಥ್ರೆಡ್ಡು ಸವೆಸಿದ. ಬೆಲ್ಟುಗಳು ಹಿಂದೆ ಔಷಧದ ಪೆಟ್ಟಿಗೆ ಕಟ್ಟಲು ಹೋದವು. ಅದರ ಬಗ್ಗೆ ಎರಡು ವರ್ಷ ಯಾರೂ ಒಂದು ಮಾತು ಕೇಳಲಿಲ್ಲ.

ಕೇಳಿದವರು ಡಾಕ್ಟರ್ ಸುಮಿತ್ರಾಬಾಯಿ. ಅವರು ವರ್ಗವಾಗಿ ಬಂದು ಮೂರನೆಯ ದಿನವೇ, ಗಾಡಿಯ ಜೊತೆ ಬಂದಿದ್ದ ಪುಸ್ತಕದ ಪ್ಲಾಸ್ಟಿಕ್ ಚೀಲ ಹರಿದು ಓದಿದರು. ಅದುವರೆಗೆ ಆ ಚೀಲವನ್ನು ಯಾರೂ ಬಿಚ್ಚಿರಲಿಲ್ಲ. ಓದಿ ನೇರ ವರ್ಕ್‌ಶಾಪಿಗೆ ಬಂದರು.

"ಈರಣ್ಣಾರ, ಈ ಗಾಡಿಗೆ ಬೆಲ್ಟ್ ಇರಬೇಕಿತ್ತಲ್ರಿ?"

"ಇದ್ದೂರಿ ಬಾಯಾರ."

"ಈಗ ಎಲ್ಲಿ ಅದಾವು?"

"ಯಂಕಪ್ಪ ಔಷಧದ ಪೆಟ್ಟಿಗಿಗೆ ಕಟ್ಯಾನ್ರಿ."

"ಪೆಟ್ಟಿಗಿ ಒಡದ್ರ ಇನ್ನೊಂದು ಬರತೈತಿ ಬಿಡ್ರಿ. ನಮಗ ಹಚ್ಚಿ ಕೊಡ್ರಿ."

ನಾನು ಪೇಟೆಗೆ ಹೋಗಿ ಕಬ್ಬಿಣದ ಅಂಗಡಿಯಲ್ಲಿ ಕಣ್ಣಂದಾಜಿನ ಮೇಲೆ ನಾಲ್ಕು ಬೋಲ್ಟು ತಂದೆ. ಅವು ಎರಡು ಸುತ್ತು ತಿರುಗಿ ಸಿಕ್ಕಿಕೊಂಡವು. ಒಂದು ನಂಬರು ಸಣ್ಣವು ತಂದೆ, ಲೊಡಲೊಡ ಎಂದವು. ಆಗ ನಮ್ಮ ಕಡೆ ಇದಕ್ಕೊಂದು ವಿದ್ಯೆ ಇತ್ತು. ಬೋಲ್ಟಿಗೆ ನೂಲು ಸುತ್ತಿ, ಪೇಂಟಿನಲ್ಲಿ ಅದ್ದಿ ತಿರುಗಿಸಿದರೆ ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ನಲ್ಲಿಯ ಪೈಪಿಗೆ ಅದು ಬಹಳ ಒಳ್ಳೆಯದು. ನಾನು ನಾಲ್ಕಕ್ಕೂ ಹಾಗೇ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದು, ಹೆಡ್ ಮೆಕ್ಯಾನಿಕ್ ಗವಿಸಿದ್ದಪ್ಪನವರನ್ನು ಕರೆದು ತೋರಿಸಿದೆ.

ಗವಿಸಿದ್ದಪ್ಪನವರು ಕಡಿಮೆ ಮಾತಿನ ಮನುಷ್ಯ. ಏನೂ ಕೇಳದೆ ಗಾಡಿ ಹತ್ತಿದರು, ಕಾಲು ಎದುರಿನ ತಗಡಿಗೆ ಕೊಟ್ಟು, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಲ ಜಗ್ಗಿದರು. ಬೋಲ್ಟು ನೂಲಿನ ಸಮೇತ ಕಿತ್ತು ಬಂತು. ಅವರು ಬೆಲ್ಟಿನ ಜೊತೆಗೆ ಬಾಗಿಲಿನಿಂದ ಹೊರಗೆ, ಅಂಗಾತ, ನೆಲಕ್ಕೆ ಬಿದ್ದರು. ಎದ್ದು ಖಾಕಿ ಪ್ಯಾಂಟಿನ ಧೂಳು ಕೊಡವಿಕೊಂಡರು.

"ನಾ ಬದುಕೀನಿ ತಮ್ಮಾ" ಎಂದರು. "ಯಾಕಂದ್ರ ಗಾಡಿ ನಿಂತಿತ್ತು."

ಆಮೇಲೆ ಅವರು ಯಂಕಪ್ಪ ಸವೆಸಿದ ಆ ಹಳೆಯ ಬೋಲ್ಟನ್ನು ತರಿಸಿ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಇಡೀ ಬರಹದಲ್ಲಿ ಕೆಲಸಕ್ಕೆ ಬರುವುದು ಇದೇ. ಮೊದಲು ದಪ್ಪ ನೋಡಬೇಕು, ಅಳತೆಯ ಉಪಕರಣ ಹಿಡಿದು. ಕಣ್ಣಂದಾಜು ಬದನೆಕಾಯಿ ಆರಿಸಲು ಇರುವುದು. ಆಮೇಲೆ ಹೊಸ ಬೋಲ್ಟನ್ನೂ ಹಳೆಯದನ್ನೂ ಥ್ರೆಡ್ಡಿಗೆ ಥ್ರೆಡ್ಡು ಕೂಡಿಸಿ ಬೆಳಕಿಗೆ ಹಿಡಿಯಬೇಕು. "ನಡುವ ಬೆಳಕು ಕಂಡ್ರ ಅದು ಬ್ಯಾರೆ ಮನೆತನ, ಬೀಗತನ ಮಾಡಬ್ಯಾಡ" ಎನ್ನುತ್ತಿದ್ದರು. ನಮ್ಮ ಗಾಡಿಯದು ಒಂದು ಇಂಚಿನಲ್ಲಿ ಇಪ್ಪತ್ತು ಸುತ್ತು, ಪೇಟೆಯದು ಹದಿನಾಲ್ಕು. ಉದ್ದವೂ ಸರಿಯಾಗಿರಬೇಕು, ನಟ್ಟಿನ ಪೂರ್ತಿ ದಪ್ಪವನ್ನು ಥ್ರೆಡ್ಡು ಹಿಡಿದಿರಬೇಕು. ಕೊನೆಗೆ ತಲೆ ನೋಡಬೇಕು. ನಮ್ಮ ಹಳೆಯ ಬೋಲ್ಟಿನ ತಲೆಯ ಮೇಲೆ ಆರು ಗೆರೆಗಳಿದ್ದವು. ಅದು ಗಟ್ಟಿ ಉಕ್ಕೆಂದು ಮಾಡಿದವನೇ ಹಾಕಿದ ಗುರುತು. ಬೋಳು ತಲೆಯ ಬೋಲ್ಟು ಕಿಟಕಿಗೆ, ಮಂಚಕ್ಕೆ. ಮನುಷ್ಯನನ್ನು ಕಟ್ಟುವುದಕ್ಕಲ್ಲ.

ಈ ನಾಲ್ಕೂ ಸಂಗತಿಗಳನ್ನು ಬಿಡಿಸಿ ಬರೆದು ಮೇಲಿನ ಕಚೇರಿಗೆ ಬೇಡಿಕೆ ಕಳಿಸಿದೆವು. ಏಳು ತಿಂಗಳ ಮೇಲೆ ಒಂದು ಗೋಣಿಚೀಲ ಬಂತು. ತೆರೆದರೆ ತುಂಬ ಬೋಳು ತಲೆಗಳು, ಒಂದೂ ಬೇಕಾದ ಅಳತೆಯದಲ್ಲ. ಒಂದನ್ನು ವೈಸಿನ ಇಕ್ಕಳದಲ್ಲಿ ಬಿಗಿದು ಸುತ್ತಿಗೆಯಿಂದ ಹೊಡೆದರೆ ಮೆತ್ತನೆಯ ಬೆಲ್ಲದಂತೆ ಬಾಗಿತು. ಅವು ಬೇರೆಯೇ ಬೋಲ್ಟು ಎಂದು ಮತ್ತೆ ಬರೆದೆವು. ಬೋಲ್ಟು ಪೂರೈಸಲಾಗಿದೆ, ವಿಷಯ ಮುಕ್ತಾಯವಾಗಿದೆ ಎಂದು ಉತ್ತರ ಬಂತು. ಅಷ್ಟರಲ್ಲಿ ಗವಿಸಿದ್ದಪ್ಪನವರು ನಿವೃತ್ತರಾದರು, ಅವರ ಕುರ್ಚಿಯಲ್ಲಿ ನಾನು ಕುಳಿತೆ. ಡಾಕ್ಟರ್ ಬಾಯಿಯವರು ಪ್ರತಿ ಸೋಮವಾರ ಕೇಳುವುದನ್ನು ಬಿಡಲಿಲ್ಲ. ಬೆಲ್ಟಿಲ್ಲದ ಸೀಟಿನಲ್ಲೇ ಕುಷ್ಟಗಿ, ಯಲಬುರ್ಗಾ, ಗಂಗಾವತಿ ತಿರುಗುತ್ತಿದ್ದರು.

ಆ ಬೇಸಿಗೆಯಲ್ಲಿ ಇನ್ನೊಂದು ವಿಭಾಗಕ್ಕೆ ಹೋಗಿದ್ದ ಅವಳಿ ವ್ಯಾನು ಗಿಣಿಗೇರಾ ಹತ್ತಿರ ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿಯಿತು. ಪಕ್ಕದ ಸೀಟಿನಲ್ಲಿದ್ದ ಇನ್ಸ್‌ಪೆಕ್ಟರು ಬೆಲ್ಟು ಕಟ್ಟಿಕೊಂಡಿದ್ದರು, ಬದುಕಿದರು. ಡ್ರೈವರು ಕಟ್ಟಿಕೊಂಡಿರಲಿಲ್ಲ, ತೀರಿಕೊಂಡ. ಮುಂಭಾಗ ಜಜ್ಜಿದ ಆ ಗಾಡಿಯನ್ನು ಎಳೆತಂದು ನಮ್ಮ ವರ್ಕ್‌ಶಾಪಿನ ಬಯಲಿನಲ್ಲಿ ಬಿಟ್ಟರು. ಜೀವ ಹೋದ ಗಾಡಿಯ ಸಾಮಾನನ್ನು ಓಡುವ ಗಾಡಿಗೆ ಹಚ್ಚಬಾರದೆಂಬುದು ಡ್ರೈವರುಗಳ ಕಟ್ಟುಪಾಡು. ನಮ್ಮಲ್ಲಿ ಬೀಗ ಹಾಕಿದ ಕೋಣೆಯಿಂದಲೂ ಸಾಮಾನು ಮಾಯವಾಗುತ್ತಿತ್ತು, ಆದರೆ ಬಯಲಿನಲ್ಲಿ ಬಿದ್ದ ಆ ಗಾಡಿಯ ಒಂದು ಕನ್ನಡಿಯನ್ನೂ ಯಾರೂ ಮುಟ್ಟಲಿಲ್ಲ. ಯಂಕಪ್ಪ ಅದೇ ದಿನ ತನ್ನ ಗಾಡಿಗೆ ಹೊಸ ನಿಂಬೆಹಣ್ಣು ಕಟ್ಟಿದ.

ನಾನು ಮಾತ್ರ ಒಳಗೆ ತಲೆ ಹಾಕಿ ನೋಡಿದೆ. ನಾಲ್ಕು ಬೋಲ್ಟು, ನಾಲ್ಕರ ತಲೆಯ ಮೇಲೂ ಆರು ಗೆರೆ. ಅಳತೆ, ಥ್ರೆಡ್ಡು, ಉದ್ದ, ಉಕ್ಕು ಎಲ್ಲ ಸರಿ. ಯಂಕಪ್ಪ ನಾನು ಬಗ್ಗಿದ್ದನ್ನು ದೂರದಿಂದ ಕಂಡು ಓಡಿ ಬಂದ.

"ಈರಣ್ಣಾ, ಅದರದೊಂದು ಸ್ಕ್ರೂ ಸೈತ ನನ್ನ ಗಾಡಿಗೆ ಬ್ಯಾಡ. ಕೈ ಮುಗೀತೀನಿ."

"ಉಕ್ಕಿಗೆ ಏನ್ ಗೊತ್ತಾಕ್ಕೈತಲೇ, ಯಾರು ಸತ್ತಾರ ಯಾರು ಇದ್ದಾರ ಅಂತ?"

"ನನಗ ಗೊತ್ತೈತಲ್ಲ" ಎಂದ.

ನನಗೆ ಆಗ ಬುದ್ಧಿಯ ಬಗ್ಗೆ ಬಹಳ ಹೆಮ್ಮೆ ಇತ್ತು. ಯಂಕಪ್ಪ ಹಳ್ಳಿಗೆ ಹೋದ ದಿನ ನಾಲ್ಕೂ ಬಿಚ್ಚಿ ಒಂದೇ ಡಬ್ಬಿಯ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಉಜ್ಜಿ ಹೊಳಪು ಬರಿಸಿ, ಗ್ರೀಸು ಹಚ್ಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದೆ. ಮರುದಿನ ಅವನ ಎದುರಿಗೇ ಬಿಚ್ಚಿ, "ಹುಬ್ಬಳ್ಳಿಯಿಂದ ಬಂದಾವ ನೋಡು" ಎಂದೆ. ಯಂಕಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. ಹೊಸ ಸಾಮಾನು ಬಂತೆಂದು ಆ ಬೋಲ್ಟುಗಳಿಗೆ ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ ಒಡೆದು, ನನಗೂ ಒಂದು ಹೋಳು ಕೊಟ್ಟ. ನಾನು ತಿಂದೆ.

ಹಾಕುವ ಮೊದಲು ನಾಲ್ಕನ್ನೂ ಗಾಡಿಯ ನೆಲದ ಒಂದೇ ನಟ್ಟಿನಲ್ಲಿ ತಿರುಗಿಸಿ ನೋಡಿದೆ. ಎರಡು ಬರಿ ಬೆರಳಿನಲ್ಲೇ ಕೊನೆಯವರೆಗೆ ಹೋದವು. ಒಂದು ಸ್ವಲ್ಪ ಬಿಗಿ. ಇನ್ನೊಂದು ಅರ್ಧಕ್ಕೆ ನಿಂತಿತು, ಪಾನಾ ಹಾಕಿ ಒತ್ತಿ ತಿರುಗಿಸಬೇಕಾಯಿತು. ಬಿಗಿ ಇದ್ದರೆ ಒಳ್ಳೆಯದೇ, ಸಡಿಲಾಗುವುದಿಲ್ಲ ಎಂದುಕೊಂಡೆ. ಸಲೀಸಾದ ಎರಡನ್ನು ಡಾಕ್ಟರ್ ಬಾಯಿಯವರ ಸೀಟಿಗೂ ಬಿಗಿ ಇದ್ದ ಎರಡನ್ನು ಡ್ರೈವರ್ ಸೀಟಿಗೂ ಹಾಕಿದೆ. ಬಾಯಿಯವರು ಬೆಲ್ಟು ಜಗ್ಗಿ ನೋಡಿ ನನ್ನನ್ನು ಹೊಗಳಿದರು. ಯಂಕಪ್ಪನಿಗೂ ಕಟ್ಟಿಕೊಳ್ಳಲೇಬೇಕೆಂದು ಹುಕುಂ ಮಾಡಿದರು. ಬೆಲ್ಟು ಇದೆ ಎಂಬ ಧೈರ್ಯಕ್ಕೆ ಅವನು ಕುಷ್ಟಗಿ ರಸ್ತೆಯಲ್ಲಿ ಮೊದಲಿಗಿಂತ ಜೋರಾಗಿ ಓಡಿಸತೊಡಗಿದನೆಂದು ಆಮೇಲೆ ತಿಳಿಯಿತು.

ಎರಡು ತಿಂಗಳು ಕಳೆದಿರಬೇಕು. ಒಂದು ಶಾಫ್ಟನ್ನು ಲೇತ್ ಯಂತ್ರದಲ್ಲಿ ಕಡೆಸಲು ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಹೋಗಿದ್ದೆ. ಗಿರಣಿಯ ಫಿಟ್ಟರ್ ಸುಬ್ಬಾರಾವ್, ಕಾಲುವೆ ಕಡೆಯ ಕ್ಯಾಂಪಿನ ತೆಲುಗಿನವನು, ದೊಡ್ಡ ಡೀಸೆಲ್ ಎಂಜಿನ್ನು ಬಿಚ್ಚಿಕೊಂಡು ಕುಳಿತಿದ್ದ. ಕನ್ನಡಿಯಂತೆ ಹೊಳೆಯುವ ಎರಡು ದಪ್ಪ ಬೋಲ್ಟುಗಳನ್ನು ಎತ್ತಿ ಗುಜರಿಯ ಗುಂಪಿಗೆ ಎಸೆದ.

"ಯಾಕ್ರಿ ಸುಬ್ಬಾರಾವ್, ಹೊಸಾವು ಇದ್ದಂಗ ಅದಾವಲ್ರಿ?"

"ಹೊಸದು ಲೇದು ಈರಣ್ಣಗಾರು. ಎಂಜಿನ್ ಜಾಮ್ ಆದಾಗ ಇದು ಒಮ್ಮೆ ಪೂರಾ ಎಳಕೊಂಡೈತಿ. ಒಮ್ಮೆ ಎಳಕೊಂಡ ಬೋಲ್ಟು ನಂಬಬಾರದು."

ಎಸೆದದ್ದನ್ನು ಮತ್ತೆ ಹೆಕ್ಕಿ, ಒಂದು ಹೊಸ ನಟ್ಟು ಹಾಕಿ ಬೆರಳಿನಲ್ಲಿ ತಿರುಗಿಸಿ ತೋರಿಸಿದ. ನಟ್ಟು ಅರ್ಧದವರೆಗೆ ನೀರಿನಂತೆ ಹೋಗಿ ಅಲ್ಲಿ ನಿಂತಿತು. "ನೋಡಿ, ಇಲ್ಲಿ ಉದ್ದ ಆಗೈತಿ. ಕಣ್ಣಿಗೆ ಕಾಣಲ್ಲ, ನಟ್ಟಿಗೆ ಗೊತ್ತಾಗತೈತಿ. ಪಾನಾ ಹಾಕಿ ತಿರುಗಿಸಿದರೆ ಹೋಗತೈತಿ, ಇನ್ನೊಂದು ಪೆಟ್ಟಿಗೆ ತುಂಡಾಗತೈತಿ."

ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. ಗಿಣಿಗೇರಾದಲ್ಲಿ ಇನ್ಸ್‌ಪೆಕ್ಟರನ್ನು ಹಿಡಿದು ನಿಲ್ಲಿಸಿದ ಬೆಲ್ಟಿನ ಬೋಲ್ಟುಗಳು ಪೂರ್ತಿ ಪೆಟ್ಟು ತಿಂದಿದ್ದವು. ನಾನು ಅವನ್ನು ಉಜ್ಜಿ, ಕುಂಕುಮ ಹಚ್ಚಿಸಿಕೊಂಡು, ಯಂಕಪ್ಪನ ಸೊಂಟಕ್ಕೆ ಕಟ್ಟಿದ್ದೆ. ಅವನು ಅದನ್ನು ನಂಬಿ ಜೋರಾಗಿ ಹೋಗುತ್ತಿದ್ದ.

ಸುಬ್ಬಾರಾವ್ ಹತ್ತಿರ ಇದ್ದ ಒಂದು ಡಬ್ಬಿ ನಟ್ಟು ತಡಕಾಡಿ ನಮ್ಮ ಅಳತೆಯದೊಂದನ್ನು ಹುಡುಕಿ ಜೇಬಿಗೆ ಹಾಕಿಕೊಂಡೆ, ಒಂದು ಪಾನಾ ಕಡ ತೆಗೆದುಕೊಂಡೆ, ಶಾಫ್ಟನ್ನು ಅಲ್ಲೇ ಬಿಟ್ಟೆ. ಗಾಡಿ ಆ ದಿನ ಕುಷ್ಟಗಿಗೆ ಹೋಗಿತ್ತು. ಸಿಕ್ಕ ಬಸ್ಸು ಹತ್ತಿ ಕುಷ್ಟಗಿಗೆ ಹೋದೆ. ಆಸ್ಪತ್ರೆಯ ಜವಾನ, "ಈಗರ ಯಲಬುರ್ಗಾಕ್ಕ ಹೋಗ್ಯಾರಲ್ರಿ" ಎಂದ. ಮತ್ತೊಂದು ಬಸ್ಸು. ಕೈ ಮಾಡಿದವರೆಲ್ಲರಿಗೂ ಅದು ನಿಲ್ಲುತ್ತಿತ್ತು, ಒಂದು ಮೇಕೆಗೂ ನಿಂತಿತು. ರಸ್ತೆಯ ಬದಿಯಲ್ಲಿ ಎಲ್ಲಿ ಜನ ಗುಂಪುಗೂಡಿದ್ದರೂ ನಾನು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದೆ. ಅಷ್ಟು ಹೆದರಿಕೆ ನನ್ನ ಇಡೀ ನೌಕರಿಯಲ್ಲಿ ಮತ್ತೆ ಆಗಿಲ್ಲ.

ಯಲಬುರ್ಗಾದಲ್ಲಿ ಗಾಡಿ ಆಸ್ಪತ್ರೆಯ ಎದುರು ಒಂದು ಬೇವಿನ ಗಿಡದ ನೆರಳಲ್ಲಿ ಇಡಿಯಾಗಿ ನಿಂತಿತ್ತು. ಬಾಯಿಯವರು ಒಳಗೆ ಲಸಿಕೆ ಹಾಕುತ್ತಿದ್ದರು. ಯಂಕಪ್ಪ ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದ.

"ಏನೋ ಈರಣ್ಣಾ, ನೀ ಇಲ್ಲಿ? ಬಾ, ಮಿರ್ಚಿ ತೊಗೊ."

"ಬೆಲ್ಟಿನ ಬೋಲ್ಟು ಬಿಚ್ಚಬೇಕು ಯಂಕಪ್ಪ."

"ಯಾಕ? ಹುಬ್ಬಳ್ಳಿ ಮಾಲು ಅವು."

"ಹುಬ್ಬಳ್ಳಿ ಮಾಲಲ್ಲ."

ಅವನಿಗೆ ತಿಳಿಯಲು ಒಂದು ಮಿರ್ಚಿ ಮುಗಿಯುವಷ್ಟು ಹೊತ್ತು ಹಿಡಿಯಿತು. ಬೈಯುತ್ತಾನೆಂದು ಕಾಯ್ದೆ. ಅವನು ಕೈ ಒರೆಸಿಕೊಂಡು ಗಾಡಿಯ ಬಾಗಿಲು ತೆರೆದು ಪಕ್ಕಕ್ಕೆ ನಿಂತ. ನಾನು ನಾಲ್ಕನ್ನೂ ಬಿಚ್ಚಿ, ಅವನ ಎದುರಿಗೇ ಒಂದೊಂದಕ್ಕೂ ನಟ್ಟು ಹಾಕಿ ತಿರುಗಿಸಿದೆ. ಬಾಯಿಯವರ ಕಡೆಯ ಎರಡರಲ್ಲಿ ನಟ್ಟು ಸಲೀಸಾಗಿ ಓಡಿತು. ಡ್ರೈವರ್ ಕಡೆಯ ಒಂದರಲ್ಲಿ ತಡೆದು ತಡೆದು ಹೋಯಿತು. ಕೊನೆಯದರಲ್ಲಿ ಅರ್ಧಕ್ಕೆ ನಿಂತಿತು, ಮುಂದೆ ಹೋಗಲೇ ಇಲ್ಲ. ಸುಬ್ಬಾರಾವ್ ಹೇಳಿದ್ದನ್ನು ಅವನಿಗೆ ಹೇಳಿದೆ. ಸತ್ತ ಡ್ರೈವರು ಬೆಲ್ಟು ಕಟ್ಟಿರಲಿಲ್ಲವಾದ್ದರಿಂದ ಅವನ ಬೋಲ್ಟುಗಳಿಗೆ ಏನೂ ಆಗಿರಲಿಲ್ಲ, ಬದುಕಿದವರ ಬೋಲ್ಟುಗಳೇ ಸೋತಿದ್ದವು. ಯಂಕಪ್ಪನ ಲೆಕ್ಕವೂ ತಪ್ಪಿತ್ತು, ನನ್ನದೂ ತಪ್ಪಿತ್ತು. ಅವನ ತಪ್ಪಿನಿಂದ ಯಾರೂ ಸಾಯುತ್ತಿರಲಿಲ್ಲ.

ಯಂಕಪ್ಪ ಆ ಎರಡು ಒಳ್ಳೆಯ ಬೋಲ್ಟುಗಳನ್ನು ನನ್ನ ಕೈಯಿಂದ ತೆಗೆದುಕೊಂಡ.

"ಸತ್ತಾವನೂ ಡ್ರೈವರನ. ಬಾಯಾರನ್ನ ಕಾಯ್ತಾನ" ಎಂದು ತಾನೇ ಅವನ್ನು ಬಾಯಿಯವರ ಸೀಟಿಗೆ ಹಾಕಿ ಬಿಗಿ ಮಾಡಿದ. ಆಮೇಲೆ ತನ್ನ ಸೀಟಿನ ಕಡೆ ನೋಡಿ ಕೇಳಿದ. "ಸೋತಾವು ಎರಡೂ ನನ್ನ ಕಡೀನ ಹ್ಯಾಂಗ ಬಂದೂ?"

"ನಾನ ಹಾಕಿದೆ. ಬಿಗಿ ಇದ್ದಾವು ಇಲ್ಲಿ ಹಾಕಿದೆ."

ಅವನು ಬೆಲ್ಟಿನ ತುದಿ ಮಡಚಿ ತನ್ನ ಸೀಟಿನ ಮೇಲಿಟ್ಟ. "ಛಲೋ ಮಾಡಿದಿ ಬಿಡು. ಅನುಮಾನ ಬಂದಾವನ್ನ ಗೆಳ್ಯಾನ ಕಡಿ ಹಾಕಿದಿ. ಬಾಯಾರಿಗೆ ಸಣ್ಣ ಸಣ್ಣ ಕೂಸು ಅದಾವ" ಎಂದ.

ಕೊಪ್ಪಳದವರೆಗೆ ಅವನು ಬೆಲ್ಟಿಲ್ಲದೆ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದ. ನಾನು ಹಿಂದೆ ಔಷಧದ ಪೆಟ್ಟಿಗೆಗಳ ನಡುವೆ ಕುಳಿತು ಬಾಯಿಯವರಿಗೆ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವರು ದಾರಿಯಲ್ಲೇ ಲಾಗ್ ಪುಸ್ತಕ ತೆಗೆದು ನನ್ನ ಹೆಸರು ಸಮೇತ ಬರೆದರು, ನಾನು ಸಹಿ ಮಾಡಿದೆ. ಹೊಸ ಬೋಲ್ಟು ಸಿಕ್ಕಿದ್ದು ಗಂಗಾವತಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ, ಸುಬ್ಬಾರಾವ್ ತೋರಿಸಿದ ಮೇಲೆ. ಅದೇ ದಪ್ಪ, ಅದೇ ಇಪ್ಪತ್ತು ಸುತ್ತು, ಅದೇ ಉದ್ದ, ತಲೆಯ ಮೇಲೆ ಆರು ಗೆರೆ, ಒಮ್ಮೆಯೂ ಯಾವ ಗಾಡಿಗೂ ಹಚ್ಚದವು. ನಿವೃತ್ತರಾದ ಗವಿಸಿದ್ದಪ್ಪನವರ ಮನೆಗೆ ಒಯ್ದು ತೋರಿಸಿ, ಅವರು ಬಂದು ಎರಡೂ ಬೆಲ್ಟನ್ನು ಜಗ್ಗಿ, ಬೀಳದೆ ಇದ್ದ ಮೇಲೆ ಗಾಡಿ ಹೊರಗೆ ಬಿಟ್ಟೆ. ಹಳೆಯ ನಾಲ್ಕನ್ನೂ, ಒಳ್ಳೆಯವೆರಡು ಸೇರಿದಂತೆ, ಗರಗಸದಿಂದ ತುಂಡು ಮಾಡಿದೆ. ಅಪಘಾತದ ಗಾಡಿಯಿಂದ ಬೆಲ್ಟಿನ ಬೋಲ್ಟನ್ನು ಮತ್ತೆಂದೂ ತೆಗೆಯಲಿಲ್ಲ. ನೀವೂ ತೆಗೆಯಬೇಡಿ.

ಯಂಕಪ್ಪ ಆ ಹುಬ್ಬಳ್ಳಿಯ ಸುಳ್ಳನ್ನು ಒಂದು ವಾರದಲ್ಲೇ ಮಾಫಿ ಮಾಡಿದ. ಆದರೆ ನಾನು ಅವನ ಜೀವವನ್ನು ಬಾಯಿಯವರ ಮಕ್ಕಳಿಗಾಗಿ ಪಣಕ್ಕಿಟ್ಟೆನೆಂದು, ಗೆಳೆಯನೆಂಬ ಸಲಿಗೆಯಿಂದ ಹಾಗೆ ಮಾಡಿದೆನೆಂದು ಅವನು ಇವತ್ತಿಗೂ ನಂಬಿದ್ದಾನೆ. ಮದುವೆ ಮುಂಜಿಗಳಲ್ಲಿ ನನ್ನ ಬೆನ್ನು ತಟ್ಟಿ ಹಾಗೇ ಹೇಳಿದ್ದಾನೆ. ಆ ಕೂಸುಗಳು ನನ್ನ ತಲೆಯಲ್ಲಿ ಬಂದೇ ಇರಲಿಲ್ಲ. ಸಲೀಸಾಗಿ ಹೋದದ್ದು ಸಾಹೇಬರ ಕಡೆ, ತಕರಾರು ಮಾಡಿದ್ದು ಡ್ರೈವರ್ ಕಡೆ, ಅಷ್ಟೇ. ನಮ್ಮ ವರ್ಕ್‌ಶಾಪಿನಲ್ಲಿ ಒಳ್ಳೆಯ ಟೈರು, ಒಳ್ಳೆಯ ಕುಶನ್ನು ಹಂಚುತ್ತಿದ್ದುದು ಹಾಗೆಯೇ, ನನ್ನ ಕೈಗೆ ಅದು ರೂಢಿಯಾಗಿತ್ತು. ಯಲಬುರ್ಗಾದ ಆ ಮೆಟ್ಟಿಲ ಬಳಿ ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನು ಕೊಟ್ಟ ಮಿರ್ಚಿ ತಿಂದೆ.

ಯಂಕಪ್ಪ ಗಟ್ಟಿಮುಟ್ಟಾಗಿದ್ದಾನೆ, ಕನ್ನಡಕ ಹಾಕಿಕೊಂಡು ದಿನಾ ಪತ್ರಿಕೆ ಓದುತ್ತಾನೆ. ಈ ಹಾಳೆಗಳನ್ನು ನಿಮಗೆ ಕೊಡುವ ಮೊದಲು ಅವನಿಗೆ ಕೊಡಬೇಕು. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ, ಅವನು ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿರುತ್ತೇನೆ.